ಅಪ್‌ಡೇಟ್: ಬೆಟಗೇರಿಯ ಹಿರಿಯರ ಕೇಂದ್ರದ ಅನುದಾನ ಅರ್ಜಿ

ಬೆಟಗೇರಿಯಲ್ಲಿ ವಯಸ್ಸಾದ ನೇಕಾರರಿಗಾಗಿ ನಡೆಸುತ್ತಿರುವ ಹಗಲು ಆರೈಕೆ ಕೇಂದ್ರಕ್ಕೆ ಸರ್ಕಾರದ ಅನುದಾನ ಸಿಗುವುದೇ ಎಂದು ಕೇಳಿದ್ದೆ. ದಾರಿ ತೋರಿಸಿದ ಎಲ್ಲರಿಗೂ ಶರಣು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನಮ್ಮ ನೋಂದಣಿ ಮೊದಲೇ ಆಗಿತ್ತು; ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಗುರುತಿನ ಸಂಖ್ಯೆಯೂ ಈಗ ಕೈಸೇರಿದೆ. ಕೇಂದ್ರ ಸರ್ಕಾರದ ಇ-ಅನುದಾನ್ ಎಂಬ ಆನ್‌ಲೈನ್ ಅನುದಾನ ಅರ್ಜಿಗೆ ಅದು ಬೇಕೇ ಬೇಕು.

ಹೆಚ್ಚು ಹೊತ್ತು ಹಿಡಿದದ್ದು ಲೆಕ್ಕಪತ್ರ. ದಾನಿಗಳು ತಂದಿಳಿಸಿದ ಒಂದೊಂದು ಜೋಳದ ಚೀಲವನ್ನೂ ದಾಸ್ತಾನು ಪುಸ್ತಕದಲ್ಲಿ ಬರೆದು, ಲೆಕ್ಕಪರಿಶೋಧಕರಿಂದ ಸಹಿ ಮಾಡಿಸಿದೆವು. ಅನುದಾನ ಬಂದ ಮೇಲೆ ಹಣ ಯಾವುದಕ್ಕೆ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಆದ್ದರಿಂದ ಸಣ್ಣ ಸಂಘದವರು ದಯವಿಟ್ಟು ಹೀಗೆ ಲೆಕ್ಕ ಬರೆದಿಡುವ ರೂಢಿಯನ್ನು ಈಗಲೇ ಹಾಕಿಕೊಳ್ಳಿ.

ಅರ್ಜಿ ಸಲ್ಲಿಸಿದ್ದೇವೆ, ಮಂಜೂರಾತಿ ಬಂದಿಲ್ಲ. ಅಲ್ಲಿಯವರೆಗೆ ಮಧ್ಯಾಹ್ನದ ರೊಟ್ಟಿ-ಪಲ್ಯದ ಹೊಣೆಯನ್ನು ಓಣಿಯವರು ಸರದಿಯ ಮೇಲೆ ಹೊತ್ತಿದ್ದಾರೆ.