‘ಫೈಬರ್’ ಒಡೆದರೆ ಬೆಸುಗೆಯೋ, ಅಂಟೋ, ತೇಪೆಯೋ?

ಕನ್ನಡ ಪದಗಳನ್ನು ಚರ್ಚಿಸುವ ನಮ್ಮ ಬಳಗದ ಹಿರಿಯರಿಗೂ ಗೆಳೆಯರಿಗೂ ಕೊಪ್ಪಳದಿಂದ ನಮಸ್ಕಾರ.

ಕಳೆದ ಬೇಸಿಗೆಯಿಂದ ನನ್ನ ಸೋದರಮಾವನ ಹಳೆಯ ಕಾರನ್ನು ದುರಸ್ತಿ ಮಾಡುತ್ತಿದ್ದೇನೆ. ಈ ಕೆಲಸದಲ್ಲಿ ಸಾಮಾನಿನ ಕೊರತೆಗಿಂತ ಮಾತಿನ ಕೊರತೆ ನನ್ನನ್ನು ಹೆಚ್ಚು ಕಾಡಿದೆ. ಒಂದೇ ಒಂದು ಪದದ ಗೊಂದಲದಿಂದ ಕಾರಿನ ಒಂದು ಮೂಲ ಭಾಗ ಹಾಳಾಗುವುದರಲ್ಲಿತ್ತು. ಅದಕ್ಕಾಗಿಯೇ ಈ ಪತ್ರ.

ಕಾರು ಸಿಪಾನಿ ಡಾಲ್ಫಿನ್. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದದ್ದು, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿಯದು, 848 ಸಿಸಿ ಎಂಜಿನ್ನಿನದು. ಅದರ ಮೈ ತಗಡಿನದಲ್ಲ, ಗಾಜಿನ ನಾರನ್ನು (ಫೈಬರ್‌ಗ್ಲಾಸ್) ರಾಳದಲ್ಲಿ (ರೆಸಿನ್) ಅದ್ದಿ ಎರಕದಂತೆ ತೆಗೆದದ್ದು. ಹಾಗಾಗಿ ಮೈಗೆ ತುಕ್ಕು ಹಿಡಿಯುವುದಿಲ್ಲ. ಆದರೆ ನಮ್ಮ ಸೀಮೆಯ ಬಿಸಿಲು ಅದನ್ನು ಬಿಟ್ಟಿಲ್ಲ. ಬೇವಿನ ಮರದ ಕೆಳಗೆ ವರ್ಷಗಟ್ಟಲೆ ನಿಂತಿದ್ದ ಕಾರಿನ ಮೂತಿಯ ಮೇಲೆ ಜೇಡರಬಲೆಯಂತೆ ಗೆರೆಗಳು ಹರಡಿದ್ದವು, ಎಡಬಾಗಿಲಿನ ಕೆಳಗೆ ಆರಪಾರ ಹಾದ ಸೀಳಿತ್ತು. ಮೀಟರಿನ ಸುತ್ತಲಿನ ಕಪ್ಪು ಚೌಕಟ್ಟು ಎರಡು ಕಡೆ ಬಿರಿದಿತ್ತು. ಗಾಜು ತೊಳೆಯುವ ನೀರಿನ ಡಬ್ಬಿಯೂ ತಳದಲ್ಲಿ ಸೋರುತ್ತಿತ್ತು.

ಈಗ ಪದಕ್ಕೆ ಬರುತ್ತೇನೆ. ನಮ್ಮ ಕಡೆ ಬೈಕಿನ ಮಡ್‌ಗಾರ್ಡ್ ಫೈಬರ್, ಕಾರಿನ ಬಂಪರ್ ಫೈಬರ್, ಮದುವೆ ಮಂಟಪದ ಕುರ್ಚಿಯೂ ಫೈಬರ್. ತಗಡಲ್ಲದ, ಮರವಲ್ಲದ, ಗಟ್ಟಿಯಾದ ವಸ್ತುವೆಲ್ಲ ಫೈಬರ್. ನೀರಿನ ಡಬ್ಬಿಯನ್ನು ಒಂದು ಗ್ಯಾರೇಜಿಗೆ ಒಯ್ದಾಗ ಅಲ್ಲಿನ ಮೇಸ್ತ್ರಿ, “ಇದು ಫೈಬರ್ ತಾನೇ? ಗಾಜುನಾರಿನ ಹಾಳೆ ಹಾಕಿ ರಾಳ ಬಳಿದರೆ ಆಯಿತು” ಎಂದರು. ಮಾತಿನ ಪ್ರಕಾರ ಅವರು ಹೇಳಿದ್ದು ಸರಿಯೇ. ಫೈಬರಿಗೆ ಫೈಬರ್ ಹಚ್ಚಿದರು. ವಾರ ಕಳೆಯುವಷ್ಟರಲ್ಲಿ ಆ ತೇಪೆ ಹಪ್ಪಳದಂತೆ ಇಡಿಯಾಗಿ ಎದ್ದು ಕೈಗೆ ಬಂತು. ಆ ಡಬ್ಬಿಯಲ್ಲಿ ನಾರಿನ ಒಂದೆಳೆಯೂ ಇರಲಿಲ್ಲ. ಅದು ಪಾಲಿಥೀನ್ ಕುಲದ ಪ್ಲಾಸ್ಟಿಕ್, ಅದಕ್ಕೆ ಯಾವ ರಾಳವೂ ಕಚ್ಚುವುದಿಲ್ಲ. ಮೇಸ್ತ್ರಿಯ ಕೈಯಲ್ಲಿ ದೋಷವಿರಲಿಲ್ಲ, ಪದ ದಾರಿ ತಪ್ಪಿಸಿತು.

ಆಮೇಲೆ ನಾನು ಪರೀಕ್ಷೆ ಕಲಿತೆ. ಒಡೆದ ಭಾಗದ ಚೂರೊಂದನ್ನು ನೀರಿಗೆ ಹಾಕಬೇಕು. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತವೆ. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಮುಳುಗುತ್ತದೆ, ಕಣ್ಣಿಗೆ ಕಾಣದ ಹಿಂಬದಿಯಲ್ಲಿ ಅಸಿಟೋನ್ ಎಂಬ ದ್ರಾವಕದ ಒಂದು ಹನಿ ಬಿಟ್ಟರೆ ಬೆರಳಿಗೆ ಅಂಟುವಷ್ಟು ಮೆತ್ತಗಾಗುತ್ತದೆ. ಗಾಜುನಾರಿನ ಭಾಗವನ್ನು ಉಜ್ಜಿದರೆ ಒಳಗಿನ ಎಳೆಗಳು ಕಾಣುತ್ತವೆ, ಮೈಯೆಲ್ಲ ತುರಿಸುವ ಧೂಳು ಏಳುತ್ತದೆ. ಮುಖಕ್ಕೆ ಮುಸುಕಿಲ್ಲದೆ ಉಜ್ಜಬಾರದು.

ಮೂರು ವಸ್ತು, ಮೂರು ಬಗೆಯ ಜೋಡಣೆ. ಎಬಿಎಸ್ ಚೌಕಟ್ಟಿಗೆ ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ನೆನೆಸಿ, ಗಂಜಿಯಂತಾದದ್ದನ್ನು ಬಿರುಕಿನಲ್ಲಿ ತುಂಬಿದೆ. ಅಸಿಟೋನ್ ಆರಿಹೋಗುತ್ತದೆ, ಉಳಿಯುವುದು ಮೂಲ ವಸ್ತುವೇ. ಎರಡು ಅಂಚುಗಳು ತಾವೇ ಕರಗಿ ಒಂದಾಗುತ್ತವೆ. ತೇಲುವ ಡಬ್ಬಿಗೆ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿಗಾಳಿಯಲ್ಲಿ ಕರಗಿಸಿ ಕೂಡಿಸಬೇಕು. ಇವೆರಡನ್ನೂ ನಾನು ‘ಬೆಸುಗೆ’ ಎನ್ನಲು ಬಯಸುತ್ತೇನೆ. ನಡುವೆ ಮೂರನೆಯ ವಸ್ತು ಬಂದು ಹಿಡಿದಿಟ್ಟರೆ ಅದು ಅಂಟು. ಎರಡೂ ಬದಿಗಳು ಕರಗಿ ಒಂದಾದರೆ ಅದು ಬೆಸುಗೆ. ಕನ್ನಡಕ್ಕೆ ಇಲ್ಲೊಂದು ಅನುಕೂಲವೂ ಇದೆ: ಬೆಂಕಿಗೆ ಬೆಣ್ಣೆ ಕರಗುತ್ತದೆ, ನೀರಿಗೆ ಸಕ್ಕರೆಯೂ ಕರಗುತ್ತದೆ. ಎರಡಕ್ಕೂ ಒಂದೇ ಕ್ರಿಯಾಪದವಿರುವುದರಿಂದ ‘ಕಾಸಿ ಬೆಸೆ’, ‘ನೆನೆಸಿ ಬೆಸೆ’ ಎಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಆದರೆ ಬೆಸುಗೆ ಎಂದ ಕೂಡಲೇ ಲೋಹವೇ ನೆನಪಾಗುವವರು ಈ ಬಳಗದಲ್ಲಿ ಇದ್ದಾರೆಯೇ? ಪ್ಲಾಸ್ಟಿಕ್ಕಿಗೆ ಈ ಪದ ಒಗ್ಗುವುದಿಲ್ಲ ಎನಿಸಿದರೆ ಕಾರಣದೊಂದಿಗೆ ಬರೆಯಿರಿ.

ಗಾಜುನಾರಿನ ಕಥೆ ಬೇರೆ. ಅದರ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ನಾನು ಇದನ್ನು ವಿವರಿಸುತ್ತಿದ್ದಾಗ ಅತ್ತೆ, “ಹಾಗಾದರೆ ಅದು ಬೆಲ್ಲ, ಇದು ರೊಟ್ಟಿ” ಎಂದರು. ಬೆಲ್ಲವನ್ನು ಎಷ್ಟು ಸಲವಾದರೂ ಕರಗಿಸಿ ಅಚ್ಚಿಗೆ ಹೊಯ್ಯಬಹುದು, ಬೆಂದ ರೊಟ್ಟಿ ಮತ್ತೆ ಹಿಟ್ಟಾಗದು. ಪಠ್ಯಗಳಲ್ಲಿ ಬರುವ ಉಷ್ಣಮೃದು, ಉಷ್ಣದೃಢ ಎಂಬ ಸಂಸ್ಕೃತದ ಜೋಡಿ ನನಗೂ ಗೊತ್ತು. ಆದರೆ ಗ್ಯಾರೇಜಿನ ಹುಡುಗನಿಗೆ ನಾನು ಹೇಳಿದ್ದು ಬೆಲ್ಲ, ರೊಟ್ಟಿ ಎಂದೇ. ಅವನು ಆಮೇಲೆ ಒಮ್ಮೆಯೂ ತಪ್ಪಲಿಲ್ಲ.

ಕರಗದ್ದರಿಂದ ಅಲ್ಲಿ ಬೆಸುಗೆ ಸಲ್ಲದು, ಪದರ ಕಟ್ಟಬೇಕು. ಸೀಳಿನ ತುದಿಯಲ್ಲಿ ಮೊದಲು ಸಣ್ಣ ತೂತು ಕೊರೆಯಬೇಕು. ಎಳೆತವೆಲ್ಲ ಆ ಚೂಪು ತುದಿಯಲ್ಲೇ ಸೇರುವುದರಿಂದ ಸೀಳು ಮುಂದೆ ಓಡುತ್ತದೆ, ಗುಂಡನೆಯ ತೂತು ಅದನ್ನು ನಿಲ್ಲಿಸುತ್ತದೆ. ಇದಕ್ಕೆ ‘ತಡೆತೂತು’ ಎಂದು ನಾನೇ ಹೆಸರಿಟ್ಟುಕೊಂಡಿದ್ದೇನೆ. ಬಳಿಕ ಹಿಂಬದಿಯಿಂದ ಇಳಿಜಾರಾಗಿ ಉಜ್ಜಬೇಕು, ದಪ್ಪದ ಸುಮಾರು 12 ಪಟ್ಟು ಅಗಲಕ್ಕೆ. ಮೈ 3 ಮಿಲಿಮೀಟರ್ ದಪ್ಪವಿದ್ದರೆ ಸೀಳಿನ ಒಂದೊಂದು ಬದಿಗೂ 36 ಮಿಲಿಮೀಟರ್, ಎಂದರೆ ಎರಡು ಬೆರಳಗಲ. ಆ ಇಳಿಜಾರಿನಲ್ಲಿ ನಾರಿನ ಹಾಳೆಗಳನ್ನು ರಾಳದಲ್ಲಿ ತೋಯಿಸಿ, ಗಾಳಿಗುಳ್ಳೆ ಉಳಿಯದಂತೆ ಒಂದರ ಮೇಲೊಂದು ಕೂರಿಸಬೇಕು.

ರಾಳ ಗಟ್ಟಿಯಾಗಲು ಬೆರೆಸುವ ದ್ರವದ ಹೆಸರಿನ ಪ್ರಶ್ನೆಯೇ ಈ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. 100 ಗ್ರಾಂ ಪಾಲಿಯೆಸ್ಟರ್ ರಾಳಕ್ಕೆ 1ರಿಂದ 2 ಗ್ರಾಂ ಸಾಕು. ಹನಿ ಎಣಿಸಿ ಹಾಕುತ್ತಿದ್ದುದನ್ನು ನೋಡಿ ಅತ್ತೆ, “ಹೆಪ್ಪು ಹಾಕುತ್ತಿದ್ದೀಯಾ?” ಎಂದು ಕೇಳಿದರು. ಇದಕ್ಕಿಂತ ಒಳ್ಳೆಯ ಪದ ನನಗೆ ಇದುವರೆಗೆ ಸಿಕ್ಕಿಲ್ಲ. ಚಮಚ ಮಜ್ಜಿಗೆ ಪಾತ್ರೆಯ ಹಾಲನ್ನು ಹಿಡಿದು ನಿಲ್ಲಿಸುವಂತೆ ಇಲ್ಲಿಯೂ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ ಮೊಸರು ಬೇಗ ಹೆಪ್ಪಾಗುವಂತೆ ರಾಳವೂ ಬೇಗ ಹಿಡಿಯುತ್ತದೆ. ಏಪ್ರಿಲ್ ಮಧ್ಯಾಹ್ನ ನಾನು 2 ಗ್ರಾಂ ಲೆಕ್ಕದಲ್ಲಿ ಹಾಕಿದ್ದೆ. ಮೊದಲ ಹಾಳೆ ಕೂರಿಸುವ ಮೊದಲೇ ಬಟ್ಟಲಿನಲ್ಲಿದ್ದದ್ದು ಗಡ್ಡೆಯಾಗಿ, ಬಟ್ಟಲು ಮುಟ್ಟಲಾರದಷ್ಟು ಕಾದು ಹೊಗೆಯಾಡಿತು. ಈಗ ಬೆಳಗಿನ ತಂಪಿನಲ್ಲಿ, 1 ಗ್ರಾಂ ಲೆಕ್ಕದಲ್ಲಿ, ಸಣ್ಣ ಬಟ್ಟಲಿನಲ್ಲಿ ಕಲಸುತ್ತೇನೆ.

ಇದರ ಜೊತೆಗೆ ಕೋಬಾಲ್ಟ್ ಇರುವ ಇನ್ನೊಂದು ದ್ರವವೂ ಉಂಟು. ಅದು ಹೆಪ್ಪಿನ ಕೆಲಸವನ್ನು ಚುರುಕುಗೊಳಿಸುತ್ತದೆ. ಇಂಗ್ಲಿಷಿನ ಡಬ್ಬಿಗಳ ಮೇಲೆ ಹೆಪ್ಪಿನದಕ್ಕೆ ಕ್ಯಾಟಲಿಸ್ಟ್, ಕೋಬಾಲ್ಟಿನದಕ್ಕೆ ಆಕ್ಸಿಲರೇಟರ್ ಎಂದು ಬರೆದಿರುತ್ತದೆ. ನಮ್ಮ ವಿಜ್ಞಾನದ ಪುಸ್ತಕಗಳು ಕ್ಯಾಟಲಿಸ್ಟಿಗೆ ‘ವೇಗವರ್ಧಕ’ ಎನ್ನುತ್ತವೆ. ಆಕ್ಸಿಲರೇಟರನ್ನು ಕನ್ನಡಕ್ಕೆ ತಂದರೆ ಅದೂ ವೇಗವರ್ಧಕವೇ ಆಗುತ್ತದೆ. ಈ ಎರಡು ದ್ರವಗಳನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಿಕೊಳ್ಳಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರಾಳಕ್ಕೆ ಪೂರ್ತಿ ಬೆರೆಸಿ, ಆಮೇಲೆಯೇ ಹೆಪ್ಪು ಹಾಕಬೇಕು. ಇಂಥ ಎರಡಕ್ಕೆ ಒಂದೇ ಕನ್ನಡ ಪದ ಕೊಡುವುದು ಬರಿಯ ನಿಘಂಟಿನ ತಪ್ಪಾಗಿ ಉಳಿಯುವುದಿಲ್ಲ, ಒಬ್ಬ ಹುಡುಗನ ಕಣ್ಣು ಹೋಗಬಹುದು. ಒಂದು ‘ಹೆಪ್ಪು’, ಇನ್ನೊಂದು ‘ಚುರುಕು’ ಎಂದು ನಾನು ಸೀಸೆಗಳ ಮೇಲೆ ಬರೆದು ಅಂಟಿಸಿದ್ದೇನೆ. ಇವುಗಳಿಗಿಂತ ಉತ್ತಮ ಪದ ಯಾರಾದರೂ ಕೊಟ್ಟರೆ ಚೀಟಿ ಬದಲಿಸುತ್ತೇನೆ. ಎರಡಕ್ಕೂ ಒಂದೇ ಚೀಟಿ ಮಾತ್ರ ಒಪ್ಪಲಾರೆ.

ಬಿರುಕಿನ ಬಗೆಗಳಿಗೂ ಬೇರೆ ಬೇರೆ ಹೆಸರು ಬೇಕು. ಮೂತಿಯ ಮೇಲಿನ ಜೇಡರಬಲೆ ಗೆರೆಗಳು ಬಹುಪಾಲು ಹೊರಪೊರೆಗಷ್ಟೇ ಸೇರಿದವು. ಕೆಳಗಿನ ನಾರು ಗಟ್ಟಿಯಾಗಿಯೇ ಇರುತ್ತದೆ. ಚಳಿಗಾಲದಲ್ಲಿ ‘ತುಟಿ ಒಡೆದಿದೆ’ ಎನ್ನುತ್ತೇವಲ್ಲ, ಹಾಗೆ. ಬಾಗಿಲಿನದು ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುವಂಥದ್ದು. ಮೊದಲನೆಯದನ್ನು ‘ಪೊರೆಯೊಡಕು’, ಎರಡನೆಯದನ್ನು ‘ಸೀಳು’ ಎಂದು ಬೇರ್ಪಡಿಸಬಹುದೇ? ‘ಬಿರುಕು’ ಎರಡಕ್ಕೂ ಸಲ್ಲುವ ಸಾಮಾನ್ಯ ಪದವಾಗಿ ಉಳಿಯಲಿ. ಪೊರೆಯೊಡಕಿಗೆ ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಅದೇ ಗೆರೆಗಳು ಮತ್ತೆ ಮೇಲೆ ಬರುತ್ತವೆ. ಗೆರೆ ಪೂರ್ತಿ ಅಳಿಯುವವರೆಗೆ ಉಜ್ಜಿ ಹೊಸ ಪೊರೆ ಕೊಡಬೇಕು.

ನಾರು ಮತ್ತು ಅಂಟನ್ನು ಕೂಡಿಸಿ ಮೈ ಕಟ್ಟುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರು ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಂದಿಗೆ ಕಲಸಿ ‘ಕಿಟ್ಟ’ ಮಾಡುತ್ತಾರೆ. ಗೊಂಬೆಯ ಮೈಗೆ ಅದನ್ನು ಬಳಿದು, ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ ಹಾಕುತ್ತಾರೆ. ನಾರು, ಅಂಟು, ನುಣುಪಿನ ಲೇಪ, ಬಣ್ಣ: ಕಾರಿನ ಬಾಗಿಲಿಗೆ ನಾನು ಮಾಡಿದ್ದೂ ಇದೇ ಕ್ರಮದಲ್ಲಿ. ನಿಘಂಟಿನಲ್ಲಿ ‘ಕಿಟ್ಟ’ಕ್ಕೆ ಲೋಹದ ಕಲ್ಮಶ, ತುಕ್ಕು ಎಂಬ ಅರ್ಥಗಳಿವೆ. ಕಿನ್ನಾಳದಲ್ಲಿ ಅದು ಕಸವಲ್ಲ, ಕಟ್ಟುವ ವಸ್ತು. ಕತ್ತರಿಸಿದ ಗಾಜುನಾರನ್ನು ರಾಳದಲ್ಲಿ ಕಲಸಿದ ಮುದ್ದೆಗೆ ‘ಗಾಜುಕಿಟ್ಟ’ ಎನ್ನಬಹುದೇ? ತುಕ್ಕಿನ ಅರ್ಥ ಅಡ್ಡ ಬರುತ್ತದೆಯೇ? ಕಿನ್ನಾಳದ ಕಡೆಯವರು ಬಳಗದಲ್ಲಿದ್ದರೆ ಅವರ ಮಾತನ್ನು ಮೊದಲು ಕೇಳಬೇಕು, ಪದ ಅವರದು.

ಕೊನೆಯ ಪ್ರಶ್ನೆ ಮಾವನದು. ಇಂಥ ಕಾರುಗಳಿಗೆ ಹೊಸ ಭಾಗ ಸಿಗುವುದಿಲ್ಲ. ಸಿಕ್ಕರೂ ಅವರಿಗೆ ಬೇಡ. ಒಡೆದದ್ದನ್ನೇ ಉಳಿಸಿಕೊಳ್ಳಬೇಕು. ಈ ಕೆಲಸವನ್ನು ‘ರಿಪೇರಿ’ ಎಂದರೆ ಅವರಿಗೆ ಸಮಾಧಾನವಿಲ್ಲ. ನಾನು ಶಾಸನಗಳ ಮಾತೊಂದನ್ನು ನೆನಪಿಸಿದೆ. ದೇಗುಲಕ್ಕೆ ಭೂಮಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ’ ಎಂದು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಖಂಡವೆಂದರೆ ಮುರಿದು ಬೇರೆಯಾದದ್ದು, ಸ್ಫುಟಿತವೆಂದರೆ ಇದ್ದಲ್ಲಿಯೇ ಬಿರಿದದ್ದು. ನಾನು ಇಷ್ಟು ದಿನ ಹುಡುಕುತ್ತಿದ್ದ ವಿಂಗಡಣೆಯನ್ನು ಆ ಲಿಪಿಕಾರರು ಒಂದೇ ಸಮಾಸದಲ್ಲಿ ಹಿಡಿದಿಟ್ಟಿದ್ದಾರೆ. ಕಾರಿಗೆ ‘ಜೀರ್ಣೋದ್ಧಾರ’ ಎಂದರೆ ನಿಮ್ಮ ಕಿವಿಗೆ ಅತಿಯಾಯಿತು ಎನಿಸುತ್ತದೆಯೇ? ಮಾವನಿಗೆ ಎನಿಸಿಲ್ಲ. ದುರಸ್ತಿಯ ಲೆಕ್ಕ ಬರೆಯುವ ಪುಸ್ತಕದ ಮೊದಲ ಹಾಳೆಯಲ್ಲಿ ಆ ಪದವನ್ನು ಅವರೇ ಬರೆದಿದ್ದಾರೆ, ಪೆನ್ಸಿಲಿನಲ್ಲಿ. ನಿಮ್ಮ ಉತ್ತರ ನೋಡಿಕೊಂಡು ಶಾಯಿಯಲ್ಲಿ ತಿದ್ದುತ್ತಾರಂತೆ.