ಓಬಿಎಂ (ದೋಣಿ ಹಿಂದೆ ಕೂರ್ಸೋ ಎಂಜಿನ್) ರೇಸ್ ಗ್ರಿಪ್ ಪೂರ್ತಿ ತಿರುಗಿಸಿದ್ರೂ ರೇಸ್ ಏರ್ತಿಲ್ಲ, ಗ್ರಿಪ್‌ನಿಂದ ಕಾರ್ಬುರೇಟರಿಗೆ ಹೋಗೋ ಲಿಂಕ್ ಸವೆದಿರ್ಬಹುದಾ?

ಪ್ರಶ್ನೆ:
ಗಂಗೊಳ್ಳಿ ಕಡೆಯವ್ರು ನಾವು, ಸಣ್ಣ ನಾಡದೋಣಿ, 9.9 ಎಚ್‌ಪಿ ಟೂ ಸ್ಟ್ರೋಕ್ ಸೀಮೆಎಣ್ಣೆ ಎಂಜಿನ್, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸೋದು. ಒಂದು ವಾರದಿಂದ ಗ್ರಿಪ್ ಕಾಲುಭಾಗ ತಿರುಗಿಸೋ ತನಕ ಏನೂ ಆಗಲ್ಲ, ಆಮೇಲೆ ಒಮ್ಮೆಲೇ ಏರತ್ತೆ, ಪೂರ್ತಿ ಕೊಟ್ರೂ ಮೊದಲಿನ ಸ್ಪೀಡ್ ಇಲ್ಲ. ಕಾರ್ಬುರೇಟರ್ ಬಿಚ್ಚಿ ಜೆಟ್ ಕ್ಲೀನ್ ಮಾಡ್ದೆ, ಪ್ಲಗ್ಗೂ ಹೊಸತು. ನಿನ್ನೆ ಅಳಿವೆಯಲ್ಲಿ ಅಲೆ ಎದ್ದು ಬಂದಾಗ ರೇಸ್ ಕೊಟ್ರೆ ಎಂಜಿನ್ ಏರ್ಲೇ ಇಲ್ಲ, ದೋಣಿ ಅಡ್ಡ ತಿರುಗಿತು. ಟ್ರಾಲ್ ಬೋಟಿನವ್ರಿಗೆ ಜುಲೈ 31ರ ತನಕ ರಜೆ, ನಮ್ಮಂಥವ್ರಿಗೆ ಈ ಮಳೆಗಾಲದ್ದೇ ದುಡಿಮೆ. ಏನು ನೋಡ್ಬೇಕು ಹೇಳಿ.

ಉತ್ತರ:
ಅಣ್ಣ, ಇದು ಸರಿಯಾಗೋ ತನಕ ಅಳಿವೆ ಕಡೆ ಹೋಗ್ಲೇಬೇಡಿ. ಮೊದ್ಲು ಖಾಲಿ ತಿರುಗಿ ಆಮೇಲೆ ಒಮ್ಮೆಲೇ ಏರೋದು ಅಂದ್ರೆ ಹೆಚ್ಚಾಗಿ ಲಿಂಕೇಜ್ ಲೂಸು. ಎಂಜಿನ್ ಆಫ್ ಮಾಡಿ ಪ್ಲಗ್ ಕ್ಯಾಪ್ ತೆಗೆದು ಮೇಲಿನ ಕವರ್ ಎತ್ತಿ, ಒಬ್ರು ಗ್ರಿಪ್ ನಿಧಾನ ತಿರುಗಿಸ್ಲಿ, ನೀವು ಕೇಬಲ್‌ನಿಂದ ಕಾರ್ಬುರೇಟರ್ ತನಕ ಒಂದೊಂದೇ ಜಾಯಿಂಟ್ ಬೆರಳಿಟ್ಟು ನೋಡಿ, ಎಲ್ಲಿ ಒಂದು ಕಡೆ ಅಲ್ಲಾಡಿ ಇನ್ನೊಂದು ಕಡೆ ಸುಮ್ನೆ ಇರತ್ತೋ ಅಲ್ಲೇ ಸವೆದಿರೋದು. ಸಣ್ಣ ರಾಡಿನ ತುದಿಯಲ್ಲಿ ಗುಂಡಿನ ಮೇಲೆ ಕೂತಿರೋ ಪ್ಲಾಸ್ಟಿಕ್ ಕಪ್ ಇರತ್ತಲ್ಲ, ಹೆಚ್ಚಾಗಿ ಸವೆದು ಹೋಗೋದು ಅದೇ. ಒಂದು ವಿಷಯ, ಸುಮಾರು ಮಾಡೆಲಲ್ಲಿ ನ್ಯೂಟ್ರಲ್‌ನಲ್ಲಿ ಗ್ರಿಪ್ ಪೂರ್ತಿ ತಿರುಗೋದೇ ಇಲ್ಲ, ಅದನ್ನ ತಪ್ಪು ಅಂತ ತಿಳಿಬೇಡಿ, ನೀರಲ್ಲಿ ತಿರುಗೋ ಫ್ಯಾನ್ (ಪ್ರೊಪೆಲ್ಲರ್) ಕೈಯಲ್ಲಿ ಸ್ವಲ್ಪ ತಿರುಗಿಸ್ತಾ ಫಾರ್ವರ್ಡ್ ಗೇರಿಗೆ ಹಾಕಿ ಆಮೇಲೆ ನೋಡಿ.

ಪ್ರಶ್ನೆ:
ಸಿಕ್ತು ಮಾರಾಯ್ರೆ! ಕಾರ್ಬುರೇಟರ್ ಕಡೆ ಹೋಗೋ ರಾಡಿನ ಕಪ್ ಅಗಲ ಆಗಿ ಗಡಗಡ ಅಂತಿದೆ. ಸದ್ಯಕ್ಕೆ ತಂತಿ ಸುತ್ತಿ ಕಟ್ಲಾ?

ಇನ್ನೊಬ್ಬರ ಉತ್ತರ:
ತಂತಿ ಕಟ್ಬೇಡಿ. ಕಟ್ಟಿದ ಜಾಯಿಂಟ್ ತಿರುಗೋಕೆ ಬಿಡ್ದೆ ರೇಸ್ ಮೇಲೇ ಸಿಕ್ಕಾಕೊಂಡ್ರೆ ದೋಣಿ ನಿಲ್ಲಲ್ಲ. ಹೊಸ ಕಪ್ ದೊಡ್ಡ ಖರ್ಚಿನ ಸಾಮಾನಲ್ಲ, ಹಳೇದನ್ನೇ ಅಂಗಡಿಗೆ ತಗೊಂಡ್ಹೋಗಿ ತೋರ್ಸಿ. ಬಿಚ್ಚೋ ಮೊದ್ಲು ಕಪ್ಪಿಂದ ಕಪ್ಪಿಗೆ ರಾಡಿನ ಉದ್ದ ಅಳೆದು ಬರ್ಕೊಳ್ಳಿ, ಅಷ್ಟೇ ಉದ್ದಕ್ಕೆ ಹೊಸದು ಕೂರ್ಸಿ ಲಾಕ್ ನಟ್ ಬಿಗಿ ಮಾಡಿ. ಗುಂಡು ತುಕ್ಕು ಹಿಡಿದು ಒರಟಾಗಿದ್ರೆ ಅದನ್ನೂ ಬದಲ್ಸಿ, ಇಲ್ಲಾಂದ್ರೆ ಹೊಸ ಕಪ್ಪೂ ತಿಂದು ಹಾಕತ್ತೆ. ಪ್ಲಗ್ಗಿಗೆ ಕಿಡಿ ಕೊಡೋ ಮ್ಯಾಗ್ನೆಟೋ ಪ್ಲೇಟಿಗೆ ಹೋಗೋ ಇನ್ನೊಂದು ರಾಡ್ ಇದ್ರೆ ಅದರ ಉದ್ದ ಮುಟ್ಟಲೇಬೇಡಿ, ಅದು ಟೈಮಿಂಗ್ (ಕಿಡಿ ಬೀಳೋ ಹೊತ್ತು), ಹೆಚ್ಚು ಅಡ್ವಾನ್ಸ್ ಆದ್ರೆ, ಅಂದ್ರೆ ಕಿಡಿ ತೀರಾ ಬೇಗ ಬಿದ್ರೆ, ಸೀಮೆಎಣ್ಣೆಯಲ್ಲಿ ನಾಕಿಂಗ್ (ಎಂಜಿನ್ ಒಳಗೆ ಬಡಿತ) ಬಂದು ಪಿಸ್ಟನ್ ಹೋಗತ್ತೆ.

ಪ್ರಶ್ನೆ:
ಹಾಕ್ದೆ, ಗುಂಡು ಚೆನ್ನಾಗೇ ಇತ್ತು, ಸಿಹಿನೀರಲ್ಲಿ ತೊಳೆದು ಒಣಗಿಸಿ ಗ್ರೀಸ್ ಹಚ್ಚಿದೆ. ಈಗ ಪೂರ್ತಿ ತಿರುಗಿಸಿದ್ರೆ ಕಾರ್ಬುರೇಟರಿನ ಬಟರ್‌ಫ್ಲೈ (ಒಳಗೆ ತೆರೆದು ಮುಚ್ಚೋ ತಟ್ಟೆ) ಸ್ಟಾಪರ್ ತನಕ ತೆರೆಯತ್ತೆ, ಬಿಟ್ರೆ ಟಕ್ ಅಂತ ಮುಚ್ಚತ್ತೆ. ಡ್ರಮ್ಮಲ್ಲಿ ನೀರು ತುಂಬ್ಸಿ ಐಡ್ಲಿಂಗ್ ನೋಡ್ದೆ, ಆಮೇಲೆ ಹೊಳೆ ಒಳಗೇ ಎರಡು ಸುತ್ತು ಹೊಡ್ದೆ, ಹಳೇ ಸ್ಪೀಡ್ ವಾಪಸ್ ಬಂದಿದೆ. ಇನ್ನೊಂದು ಕಪ್ ತಂದು ಟೂಲ್ ಡಬ್ಬಿಯಲ್ಲಿ ಇಟ್ಕೊಂಡಿದೀನಿ. ತುಂಬಾ ಉಪಕಾರ ಆಯ್ತು ಇಬ್ರಿಗೂ.