ಬಿಟ್ಟು 19 ದಿನ ಆಯ್ತು, ಸಂಜೆ ಏಳು ಗಂಟೆ ಒಂದನ್ನ ದಾಟೋಕೆ ಆಗ್ತಿಲ್ಲ

ಹತ್ತೊಂಬತ್ತು:
ಎಲ್ರಿಗೂ ನಮಸ್ಕಾರ. ಕುಡಿಯೋದು ಬಿಟ್ಟು 19 ದಿನ. ಹಗಲೆಲ್ಲ ಕೆಲಸದಲ್ಲಿ ಇರ್ತೀನಿ ಏನೂ ಅನ್ಸಲ್ಲ, ಆದ್ರೆ ಏಳಾಯ್ತು ಅಂದ್ರೆ ಕೈ ಏನೋ ಹುಡುಕೋಕೆ ಶುರು ಮಾಡುತ್ತೆ, ನಿನ್ನೆ ಬರೀ ನೀರು ಕುಡಿದು ಗ್ಲಾಸ್ ಟೇಬಲ್ ಮೇಲಿಟ್ಟೆ, ಆ ಟಕ್ ಅನ್ನೋ ಸದ್ದಿಗೇ ಬಾಯಲ್ಲಿ ನೀರೂರಿಬಿಡ್ತು. ಜೀವನಪೂರ್ತಿ ಹಿಂಗೇ ಇರ್ಬೇಕಾ ಅಂತ ನೆನೆಸ್ಕೊಂಡ್ರೆ ಎದೆ ಧಸಕ್ ಅನ್ನುತ್ತೆ. ನಿದ್ದೆನೂ ಇಲ್ಲ. ನೀವೆಲ್ಲ ಹೆಂಗ್ ದಾಟಿದ್ರಿ?

ಹಳೇ ಗಿರಾಕಿ:
ಜೀವನಪೂರ್ತಿ ಲೆಕ್ಕ ಈಗ್ಲೇ ಯಾಕೆ ಹಾಕ್ತೀರ ಗುರೂ, ನಿಮ್ಗೆ ಕಷ್ಟ ಇರೋದು ಏಳರಿಂದ ಒಂಬತ್ತರ ತನಕ ತಾನೇ. ನಾನು ಬಿಟ್ಟು ಆರು ವರ್ಷ ಆಯ್ತು, ಎಲ್ರೂ ಇವತ್ತೊಂದು ದಿನ ಕುಡೀಬೇಡ ಅನ್ನೋರು, ನಂಗೆ ಮೊದಲ ತಿಂಗಳು ಒಂದು ದಿನಾನೂ ಜಾಸ್ತಿ ಆಗೋದು, ಅರ್ಧ ಗಂಟೆ ಅಂದ್ಕೋತಿದ್ದೆ. ಆ ಚಪಲ ಏರುತ್ತೆ, ಒಂದು ಹಂತಕ್ಕೆ ಹೋಗುತ್ತೆ, ಸಾಮಾನ್ಯವಾಗಿ ಅರ್ಧ ಗಂಟೆ ಒಳಗೆ ತಾನಾಗೇ ಇಳಿಯುತ್ತೆ. ಅಷ್ಟು ಹೊತ್ತು ಪರ್ಸು, ಮೊಬೈಲು ಎರಡೂ ಮನೇಲಿಟ್ಟು ಚಪ್ಪಲಿ ಮೆಟ್ಕೊಂಡು ನಡೀತಾ ಇರಿ. ದುಡ್ಡಿಲ್ದೆ ಎಲ್ಲಿ ಕುಡೀತೀರ?

ನಿಧಾನಿ:
ಪರ್ಸ್ ಬಿಟ್ಟುಹೋಗಿ ಸರಿ, ಫೋನ್ ಮಾತ್ರ ಬಿಡ್ಬೇಡಿ!! ನಾನು ಉಳ್ಕೊಂಡಿದ್ದೇ ಫೋನಿಂದ, ಫ್ರೆಂಡ್‌ಗೆ "ಬಂತು" ಅಂತ ಒಂದೇ ಪದ ಮೆಸೇಜ್ ಹಾಕ್ತಿದ್ದೆ, ಅವನು ಕಾಲ್ ಮಾಡೋನು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ (ಕುಡಿತ ಬಿಡೋಕೆ ಒಬ್ರಿಗೊಬ್ರು ನೆರವಾಗೋರ ಗುಂಪು) ಶುರುವಾಗಿದ್ದೂ ಹಿಂಗೇ, ಕುಡಿತ ಬಿಟ್ಟಿದ್ದ ಒಬ್ಬನಿಗೆ ಹೋಟೆಲ್‌ನಲ್ಲಿ ಒಬ್ನೇ ಇದ್ದಾಗ ಚಪಲ ಎದ್ದು, ಬಾರ್‌ಗೆ ಹೋಗೋ ಬದ್ಲು ಫೋನ್ ಹಿಡ್ಕೊಂಡು ಇನ್ನೊಬ್ಬ ಕುಡುಕನ್ನ ಹುಡುಕಿದ. ಆಮೇಲೆ ಹೊಟ್ಟೆ ನೋಡ್ಕೊಳ್ಳಿ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಚಪಲದ ಹಿಂದೆ ಹೆಚ್ಚಾಗಿ ಈ ನಾಲ್ಕರಲ್ಲಿ ಯಾವ್ದೋ ಒಂದು ಇರುತ್ತೆ, ನಂದು ಮುಕ್ಕಾಲು ಪಾಲು ಬರೀ ಹಸಿವು, ಅದು ಹಸಿವು ಅಂತ್ಲೇ ಗೊತ್ತಿರ್ಲಿಲ್ಲ ನೋಡಿ.

ಮೂರನೇ ಅಕ್ಕ:
ಇದನ್ನ ಓದ್ತಿರೋ ಬೇರೆಯವ್ರಿಗೂ ಒಂದು ಮಾತು, ದಿನಾ ಜಾಸ್ತಿ ಕುಡಿಯೋರು ಡಾಕ್ಟರನ್ನ ಕೇಳ್ದೆ ದಿಢೀರ್ ಅಂತ ನಿಲ್ಲಿಸ್ಬೇಡಿ. ಮೊದಲ 48 ಗಂಟೇಲಿ ಫಿಟ್ಸ್ ಬರ್ಬಹುದು, ಎರಡು ಮೂರು ದಿನಕ್ಕೆ ಕೆಲವ್ರಿಗೆ ನಡುಕ, ಭ್ರಮೆ, ಜೀವಕ್ಕೇ ಅಪಾಯ. ನಮ್ಮಣ್ಣ ಎರಡನೇ ದಿನ ಬಚ್ಚಲಲ್ಲಿ ಬಿದ್ದಿದ್ದ. ಹತ್ತೊಂಬತ್ತು ಅವ್ರೇ, ನೀವು ಅದನ್ನ ದಾಟಿದೀರ. ನಿದ್ದೆ ಸರಿಹೋಗೋಕೆ ವಾರಗಟ್ಟಲೆ ಹಿಡಿಯುತ್ತೆ, ಚಪಲ ಕಮ್ಮಿ ಮಾಡೋಕೆ ನಾಲ್ಟ್ರೆಕ್ಸೋನ್ ಅಂತ ಮಾತ್ರೆನೂ ಇದೆ, ನಿಮ್ಗೆ ಆಗುತ್ತಾ ಅಂತ ಡಾಕ್ಟರ್‌ನ ಕೇಳಿ. ಇದ್ರಲ್ಲಿ ನಾಚಿಕೆ ಪಡೋದೇನಿಲ್ಲ.

ಹತ್ತೊಂಬತ್ತು:
ಎಲ್ರಿಗೂ ಥ್ಯಾಂಕ್ಸ್. ಇವತ್ತು ಆರೂವರೆಗೇ ಊಟ ಮಾಡ್ದೆ, ಆದ್ರೂ ಏಳೂ ಹತ್ತಕ್ಕೆ ಬಂತು. ಪರ್ಸ್ ಇಟ್ಟು ಫೋನ್ ತಗೊಂಡು ಹೊರಟೆ, ತಂಗಿಗೆ ಕಾಲ್ ಮಾಡ್ದೆ, ಅವ್ಳು ಏನೂ ಕೇಳ್ಲಿಲ್ಲ, ಮಗನ ಹೋಮ್‌ವರ್ಕ್ ಗೋಳು ಹೇಳ್ತಾನೇ ಹೋದ್ಲು, ನೋಡಿದ್ರೆ ಎಂಟಕ್ಕೆ ಐದು ನಿಮಿಷ. ನಾಳೆ ಏಳಕ್ಕೆ ಅವ್ಳೇ ಮಾಡ್ತಾಳಂತೆ.